ಓತಿಯ ಬಣ್ಣ, ಓತಿಯ ಊರು

(ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ತೋಟದ ಕೆಲಸ ಬಿಟ್ಟು ಬಂದ ಕೃಷಿಕರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲದ ಕಾರಣ ಕೆಲವು ಕಡೆ ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಮಗಳು, ಅಳಿಯ ಅಮೆರಿಕದ ಓಕ್ಲಹೋಮದಲ್ಲಿದ್ದಾರೆ. ಒಂದು ಮೇ ತಿಂಗಳಲ್ಲಿ ನಾನು ಅಲ್ಲಿದ್ದಾಗ ವಿಚಿಟಾ ಬೆಟ್ಟಗಳ ವನ್ಯಜೀವಿ ಧಾಮಕ್ಕೆ ಕರೆದುಕೊಂಡು ಹೋದರು. ಬೆಟ್ಟ ಎಂದ ಕೂಡಲೇ ಕೊಡಚಾದ್ರಿಯನ್ನು ನೆನೆಸಿಕೊಳ್ಳಬೇಡಿ. ಹುಲ್ಲುಗಾವಲಿನ ನಡುವೆ ಗ್ರಾನೈಟ್ ಗುಂಡುಗಳನ್ನು ರಾಶಿ ಸುರಿದ ಹಾಗಿದೆ. ಚಿತ್ರದುರ್ಗದ ಕಡೆಯವರಿಗೆ ಪರಿಚಿತ ನೋಟ. 1907ರಲ್ಲಿ ನ್ಯೂಯಾರ್ಕಿನ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ತಂದು ಬಿಟ್ಟ ಜಾಗ ಅದು. ಹೋದವರೆಲ್ಲ ಬೈಸನ್ ನೋಡುತ್ತಾರೆ. ನನ್ನ ಮೊಮ್ಮಗ ಮಾತ್ರ ಬಂಡೆ ನೋಡುತ್ತಿದ್ದ.

"ಅಜ್ಜಾ, ಅಲ್ನೋಡು!"

ಬಂಡೆಯ ನೆತ್ತಿಯಲ್ಲಿ ಮುಂಗಾಲು ಊರಿ, ಎದೆ ಎತ್ತಿ ಒಂದು ಓತಿ ಕೂತಿತ್ತು. ನಮ್ಮ ಬೇಲಿಯ ಓತಿಕ್ಯಾತಕ್ಕಿಂತ ಗಟ್ಟಿ ಮೈಕಟ್ಟು, ದೊಡ್ಡ ತಲೆ. ಮೈ ಹಸಿರು ಕಲೆತ ನೀಲಿ, ತಲೆಗೆ ಹಳದಿ, ಬೆನ್ನ ತುಂಬ ಬಿಳಿ ಚುಕ್ಕೆ, ಕುತ್ತಿಗೆಗೆ ಮಸಿಯಲ್ಲಿ ಗೀರಿದಂಥ ಎರಡು ಕಪ್ಪು ಪಟ್ಟಿ. ನಾವು ಇನ್ನೂ ಎರಡು ಹೆಜ್ಜೆ ಹತ್ತಿರ ಹೋದದ್ದೇ ತಡ, ಹಿಂಗಾಲೆರಡರ ಮೇಲೆ ಎದ್ದು ಓಡಿ ಆಚೆ ಬಂಡೆ ಸೇರಿತು. ಹುಡುಗ ಕುಣಿದಾಡಿಬಿಟ್ಟ. ಕಾಲರ್ಡ್ ಲಿಝರ್ಡ್ ಎಂದು ಅದರ ಹೆಸರು, ಓಕ್ಲಹೋಮ ರಾಜ್ಯದ ಅಧಿಕೃತ ಸರೀಸೃಪವೂ ಅದೇ. ನಾನು ಕೊರಳಪಟ್ಟಿ ಓತಿ ಎಂದು ಕರೆಯುತ್ತೇನೆ. ಥಾಮಸ್ ಸೇ ಎಂಬ ನಿಸರ್ಗವಿಜ್ಞಾನಿ 1823ರಲ್ಲಿ ಇದನ್ನು ಮೊದಲು ವಿವರಿಸಿದ. ಇಂದಿನ ವೈಜ್ಞಾನಿಕ ಹೆಸರು ಕ್ರೊಟಫೈಟಸ್ ಕೊಲಾರಿಸ್.

ವಾಪಸು ಬರುವಾಗ ಕಾರಿನಲ್ಲಿ ಮೊಮ್ಮಗ ಕೇಳಿದ: "ಅಜ್ಜಾ, ಒಂದನ್ನ ಶಿವಮೊಗ್ಗಕ್ಕೆ ತಗೊಂಡು ಹೋಗೋಣ್ವಾ? ನಿಮ್ಮನೆ ಹಿಂದೆ ಕಲ್ಲು ಇದೆಯಲ್ಲ."

"ಆಗಲ್ಲ ಕಂದಾ" ಅಂದೆ. "ಯಾಕೆ?" ಅಂದ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ನನಗೆ ಆ ಹೊತ್ತಿನಲ್ಲಿ ನೆಟ್ಟಗೆ ಉತ್ತರ ಹೊಳೆಯಲಿಲ್ಲ. ಇವತ್ತು ನಿಮ್ಮ ಮುಂದೆ ಹೇಳುವುದೆಲ್ಲ ಅವನಿಗೆ ಕೊಡಬೇಕಿದ್ದ ಉತ್ತರ.

ಮೊದಲು ಬಣ್ಣದ ಮಾತು. ನಾನು ಪಾಠ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಸ್ಪಿರಿಟ್ ತುಂಬಿದ ಗಾಜಿನ ಜಾಡಿಯೊಳಗೆ ಒಂದು ಹಸಿರು ಹಾವಿತ್ತು. ಚೀಟಿಯಲ್ಲಿ ಹಸಿರು ಹಾವು ಎಂದಿತ್ತು, ಜಾಡಿಯಲ್ಲಿದ್ದದ್ದು ನೀಲಿ ಹಾವು. ಪ್ರತಿ ವರ್ಷ ಹೊಸ ತರಗತಿಯಲ್ಲಿ ಒಬ್ಬರಾದರೂ "ಸರ್, ಚೀಟಿ ತಪ್ಪಾಗಿದೆ" ಎನ್ನುತ್ತಿದ್ದರು. ಚೀಟಿ ಸರಿಯಾಗಿಯೇ ಇತ್ತು. ಹಾವು, ಓತಿಗಳ ಚರ್ಮದಲ್ಲಿ ಹಸಿರು ಎಂಬ ಬಣ್ಣದ ವಸ್ತುವೇ ಸಾಮಾನ್ಯವಾಗಿ ಇರುವುದಿಲ್ಲ. ಮೇಲೆ ಹಳದಿ ಬಣ್ಣದ ಕೋಶಗಳ ಪದರ. ಅದರ ಕೆಳಗೆ ಗ್ವಾನಿನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳು ತುಂಬಿದ ಕೋಶಗಳು. ಮೀನಿನ ಹುರುಪೆಗೆ ಬೆಳ್ಳಿಯ ಹೊಳಪು ಕೊಡುವುದೂ ಇದೇ ಗ್ವಾನಿನ್. ಈ ಹರಳುಗಳ ಜೋಡಣೆ ನೀಲಿ ಬೆಳಕನ್ನು ಮಾತ್ರ ಹಿಂದಕ್ಕೆ ಎಸೆಯುತ್ತದೆ. ಇನ್ನೂ ಕೆಳಗಿನ ಕಪ್ಪು ಪದರ ಉಳಿದ ಬೆಳಕನ್ನು ನುಂಗಿಬಿಡುತ್ತದೆ. ನೀಲಿ ಹಳದಿಯ ಮೂಲಕ ಹಾದು ಬಂದಾಗ ನಮ್ಮ ಕಣ್ಣಿಗೆ ಹಸಿರು. ಸ್ಪಿರಿಟ್‌ನಲ್ಲಿ ಹಳದಿ ಕರಗಿ ಹೋಗುತ್ತದೆ, ಹರಳು ಉಳಿಯುತ್ತದೆ, ಹಾವು ನೀಲಿಯಾಗುತ್ತದೆ.

ಈ ಮೂರು ಪದರಗಳಲ್ಲಿ ಯಾವುದು ಎಷ್ಟು ಎಂಬುದರ ಮೇಲೆ ಕೊರಳಪಟ್ಟಿ ಓತಿಯ ಬಣ್ಣದಾಟವೆಲ್ಲ ನಿಂತಿದೆ. ಒಂದು ಕಡೆ ಗಂಡು ಪಚ್ಚೆ ಹಸಿರು, ಇನ್ನೊಂದು ಕಡೆ ವೈಡೂರ್ಯದ ನೀಲಿ, ಮತ್ತೊಂದು ಕಡೆ ಮಣ್ಣುಗಂದು. ಗಂಟಲ ಕೆಳಗಿನ ಬಣ್ಣವೂ ಊರಿಗೊಂದು: ಹಳದಿ, ಕಿತ್ತಳೆ, ಬೂದು. ಓಕ್ಲಹೋಮ ಒಂದರೊಳಗೇ ಬೇರೆ ಬೇರೆ ಬೆಟ್ಟಗಳ ಗಂಡುಗಳ ಹೊಳಪು ಒಂದೇ ಸಮ ಇಲ್ಲ ಎಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಮೆಕ್ಸಿಕೋದ ಸೊನೋರಾ ಕರಾವಳಿ ಮತ್ತು ಟಿಬುರೋನ್ ದ್ವೀಪದಲ್ಲಿ ಇದರ ಹತ್ತಿರದ ನೆಂಟ ಇನ್ನೊಂದು ಪ್ರಭೇದವಿದೆ. ಅದರ ಗಂಡು ಕಡು ನೀಲಿ. ಫೋಟೊ ನೋಡಿದವರು ಯಾರೋ ಬಣ್ಣ ಬಳಿದಿದ್ದಾರೆ ಎನ್ನಬೇಕು.

ಹೆಣ್ಣಿನ ಕತೆ ಬೇರೆ. ಅದು ಸಾಮಾನ್ಯವಾಗಿ ಕಂದು. ಮೊಟ್ಟೆ ಹೊತ್ತ ದಿನಗಳಲ್ಲಿ ಪಕ್ಕೆಯ ಮೇಲೆ ಕಿತ್ತಳೆ ಪಟ್ಟಿ ಮೂಡುತ್ತದೆ, ಮೊಟ್ಟೆ ಇಟ್ಟ ಮೇಲೆ ಮಾಸುತ್ತದೆ. ಸೋಜಿಗವೆಂದರೆ ಮರಿ ಗಂಡುಗಳಿಗೂ ಇಂಥದೇ ಕಿತ್ತಳೆ ಪಟ್ಟಿ ಇರುತ್ತದೆ, ದೊಡ್ಡವಾದಂತೆ ಅಳಿಸಿ ಹೋಗುತ್ತದೆ. ಜತೆಗೆ ದಿನದ ಹೊತ್ತು ಬೇರೆ. ಚಳಿ ಬೆಳಿಗ್ಗೆ ಮಂಕಾಗಿ ಕಪ್ಪಿಟ್ಟಿರುವ ಪ್ರಾಣಿ ಬಿಸಿಲು ಕಾದ ಮೇಲೆ ಬೆಳಗುತ್ತದೆ. ಹಾಗಾಗಿ ಒಂದು ಫೋಟೊ ಹಿಡಿದು ಇದು ಇಂಥ ಬಣ್ಣದ ಓತಿ ಎಂದರೆ ಅರ್ಧ ಮಾತು. ಯಾವ ಊರು, ಗಂಡೋ ಹೆಣ್ಣೋ, ಯಾವ ತಿಂಗಳು, ಎಷ್ಟು ಹೊತ್ತಿಗೆ ಎಂದು ಕೇಳಬೇಕು.

ಇದಕ್ಕೆ ಅಮೆರಿಕದವರೆಗೂ ಹೋಗಬೇಕಿಲ್ಲ ಅನ್ನಿ. ಬೇಸಿಗೆ ಏರಿ ಮೊದಲ ಮಳೆ ಬೀಳುವ ಹೊತ್ತಿಗೆ ನಿಮ್ಮ ಬೇಲಿಯ ಗಂಡು ಓತಿಕ್ಯಾತದ ತಲೆ, ಕುತ್ತಿಗೆ ಕೆಂಪೇರಿರುತ್ತದೆ. ದೂರದಿಂದಲೇ ನೆತ್ತರು ಹೀರುತ್ತದೆ ಎಂದು ಹೆದರಿ ನಾವು ಹುಡುಗರಾಗಿದ್ದಾಗ ಕಲ್ಲು ಹೊಡೆದದ್ದು ಆ ಕೆಂಪಿಗೆ. ಅದು ಬೇರೆ ಗಂಡುಗಳಿಗೆ "ಈ ಬೇಲಿ ನನ್ನದು" ಎಂದು ಹೇಳುವ ಕೆಂಪು. ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ಬೇರೆ ಅರ್ಥದಲ್ಲಿ ಹುಟ್ಟಿದ್ದು, ಜೀವಶಾಸ್ತ್ರಕ್ಕೂ ಹೊಂದುತ್ತದೆ. ಬಯಲುಸೀಮೆಯ ಬಂಡೆಗಳ ಮೇಲಿನ ಓತಿ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡು ಹೆಣ್ಣಿನ ಎದುರು ತೋರುವ ಬಣ್ಣಗಳೇ ಬೇರೆ, ಎದುರಾಳಿ ಗಂಡಿನ ಎದುರು ತೋರುವ ಬಣ್ಣಗಳೇ ಬೇರೆ, ನೋಡನೋಡುತ್ತಲೇ ಬದಲಾಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಥಾಕರ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಊರ ಅಂಚಿನಲ್ಲಿ ಬದುಕುವ ಓತಿಗಳಲ್ಲಿ ಈ ಬದಲಾವಣೆ ನಿಧಾನ, ಬಣ್ಣವೂ ಸಪ್ಪೆ ಎಂಬುದನ್ನೂ ಅವರು ಕಂಡುಕೊಂಡರು. ನನಗೆ ಆ ಮಾತು ತುಂಬ ದಿನ ಕಾಡಿತು.

ಗೋಸುಂಬೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಅದರ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ. 2015ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರಿನ ಗೋಸುಂಬೆಯೊಂದರಲ್ಲಿ ಆ ಗ್ವಾನಿನ್ ಹರಳುಗಳ ನಡುವಿನ ಅಂತರವೇ ಹಿಗ್ಗಿ ಕುಗ್ಗಿ ಬಣ್ಣ ಬದಲಾಗುತ್ತದೆ ಎಂದು ತೋರಿಸಿದರು. ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿ ಹಸಿರು, ಕೆರಳಿದಾಗ ದೂರ ಸರಿದು ಹಳದಿ, ಕಿತ್ತಳೆ. ಮನಸ್ಸಿನಲ್ಲಿ ಇರುವುದನ್ನು ಮೈಮೇಲೆ ಹೊರಹಾಕುವ ಪ್ರಾಣಿ ಅದು. ವಂಚಕರಿಗೆ ಅದರ ಹೆಸರಿಡುವುದು ಅನ್ಯಾಯ.

ಮಲೆನಾಡಿನಲ್ಲಿ ಬಣ್ಣದ ವೈವಿಧ್ಯ ನೋಡಬೇಕೆಂದರೆ ನಾನು ಮಳೆಗಾಲದ ರಾತ್ರಿ ಆಗುಂಬೆಯ ಕಡೆ ಟಾರ್ಚ್ ಹಿಡಿದು ಹೋಗಿ ಎನ್ನುತ್ತೇನೆ, ಗೊತ್ತಿದ್ದವರ ಜತೆಯಲ್ಲಿ. ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು ಒಂದೇ ಪ್ರಭೇದ. ಒಂದು ಪೊದೆಯಲ್ಲಿ ಹಸಿರು, ಹತ್ತು ಮಾರು ಆಚೆ ಕಂದು, ಇನ್ನೆಲ್ಲೋ ಅರಿಶಿನದ ಹಳದಿ. ಪಾಚಿ ಹಿಡಿದ ಕೊಂಬೆಯ ಮೇಲೆ ಹಸಿರಿನದು, ಒಣಗಿದ ಎಲೆಯ ಮೇಲೆ ಕಂದಿನದು ಕಣ್ಣಿಗೆ ಬೀಳುವುದೇ ಇಲ್ಲ. ಅಡಿಕೆ ತೋಟದವರಿಗೆ ಹಾರುವ ಓತಿ ಗೊತ್ತೇ ಇದೆ. ಮರಕ್ಕೆ ಅಂಟಿ ಕೂತರೆ ಅಡಿಕೆ ಮರದ ಬೂದು ಸಿಪ್ಪೆಯೇ ಅದು. ಗಂಡು ಗಂಟಲಿನ ಹಳದಿ ಚೀಲವನ್ನು ಒಮ್ಮೆ ಹೊರಗೆ ಚಾಚಿದಾಗ ಮಾತ್ರ ಅಲ್ಲೊಂದು ಜೀವ ಇದೆಯೆಂದು ತಿಳಿಯುತ್ತದೆ. ಡ್ರಾಕೋ ದುಸುಮಿಯೆರಿ ಎಂದು ಅದರ ಹೆಸರು. ದುಸುಮಿಯೆ ಎಂಬ ಫ್ರೆಂಚ್ ವ್ಯಾಪಾರಿ ಮಲಬಾರಿನಿಂದ ಒಯ್ದ ಪ್ರಾಣಿಗಳನ್ನು ನೋಡಿ ಪ್ಯಾರಿಸ್ಸಿನ ವಿದ್ವಾಂಸರು 1837ರಲ್ಲಿ ಹೆಸರಿಟ್ಟರು. ಆಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಮ್ಮ ತೋಟದ ಜೀವಿಗೆ ಹೆಸರು ಸಿಕ್ಕಿದ್ದು ಸಮುದ್ರದಾಚೆ, ಸ್ಪಿರಿಟ್‌ನಲ್ಲಿ ಬಣ್ಣ ಕಳೆದುಕೊಂಡ ಮೇಲೆ.

ಊರಿಗೂ ಬಣ್ಣಕ್ಕೂ ಇಷ್ಟು ನಂಟು ಬರುವುದು ಹೇಗೆ? ಕೊರಳಪಟ್ಟಿ ಓತಿಯೇ ಒಳ್ಳೆಯ ಉದಾಹರಣೆ ಕೊಡುತ್ತದೆ. ಮಿಸೌರಿ ರಾಜ್ಯದ ಓಝಾರ್ಕ್ ಬೆಟ್ಟಗಳಲ್ಲಿ ಇವು ಕಾಡಿನ ನಡುವಿನ ಬೋಳು ಬಂಡೆಬಯಲುಗಳಲ್ಲಿ ಮಾತ್ರ ಬದುಕುತ್ತವೆ. ಕಾಡಿಗೆ ಬೆಂಕಿ ಬೀಳದಂತೆ ದಶಕಗಳ ಕಾಲ ತಡೆದ ಮೇಲೆ ಬಯಲುಗಳ ನಡುವೆ ಮರ ಒತ್ತಾಗಿ ಬೆಳೆಯಿತು, ಬಯಲಿಗೂ ಗಿಡ ನುಗ್ಗಿತು, ಓತಿಗಳು ಅಳಿದವು. ಆಲನ್ ಟೆಂಪಲ್ಟನ್ ಎಂಬ ತಳಿವಿಜ್ಞಾನಿ ಮತ್ತು ಜತೆಗಾರರು 1980ರ ದಶಕದಲ್ಲಿ ಒಂದು ಬೆಟ್ಟಕ್ಕೆ ಓತಿಗಳನ್ನು ಮತ್ತೆ ತಂದು ಬಿಟ್ಟರು. ಬಿಟ್ಟಲ್ಲೇ ಉಳಿದವು, ಪಕ್ಕದ ಬಯಲು ಕೂಗಳತೆಯಲ್ಲಿದ್ದರೂ ನಡುವಿನ ನೆರಳುಗಾಡನ್ನು ದಾಟಲಿಲ್ಲ. 1994ರಿಂದ ನಿಯಂತ್ರಿತ ಬೆಂಕಿ ಇಟ್ಟು ಕೆಳಗಾಡು ತೆರವಾದ ಮೇಲೆ ಹರಡತೊಡಗಿದವು. ಹಾಗೆಂದು ನಮ್ಮ ಶೋಲಾ ಕಾಡಿಗೆ ಬೆಂಕಿ ಇಡಿ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ. ಅಲ್ಲಿಯ ಔಷಧ ಇಲ್ಲಿಗೆ ವಿಷ. ನಾನು ಹೇಳುತ್ತಿರುವುದು ಇಷ್ಟೇ: ಇಂಥ ಪ್ರಾಣಿಗೆ ಒಂದು ತುಂಡು ಕಾಡೂ ಗೋಡೆ. ಗೋಡೆಯ ಈಚೆ ಆಚೆ ತಲೆಮಾರುಗಳು ಬೇರೆಬೇರೆಯಾಗಿ ಸಾಗಿದಾಗ ಬಣ್ಣವೂ ಬೇರೆಯಾಗಬಹುದು. ಬಣ್ಣ ಎಂದರೆ ಆ ಪ್ರಾಣಿಯ ಮನೆ ವಿಳಾಸ.

ವ್ಯಾಪಾರ ಕಣ್ಣು ಹಾಕುವುದೂ ಈ ವಿಳಾಸದ ಮೇಲೆ. ಸರೀಸೃಪ ಸಾಕುವವರ ಲೋಕದಲ್ಲಿ ಬರೀ ಓತಿಗೆ ಒಂದು ಬೆಲೆ, ಇಂಥ ಬೆಟ್ಟದ ಇಂಥ ಬಣ್ಣದ ಓತಿಗೆ ಹಲವು ಪಟ್ಟು ಬೆಲೆ. ಟಾಂಜಾನಿಯಾದ ಕಿಂಬೋಝಾ ಕಾಡಿನಲ್ಲಿ ಬೆರಳುದ್ದದ ಒಂದು ಹಲ್ಲಿಯಿದೆ, ಗಂಡು ಮಿಂಚುವ ನೀಲಿ. ಅದರ ವಾಸ ಕೇದಗೆ ಜಾತಿಯ ಗಿಡದ ಎಲೆಬುಡದಲ್ಲಿ. ಹಿಡಿಯುವವರು ಗಿಡವನ್ನೇ ಕಡಿದು ಉರುಳಿಸಿ ಹಲ್ಲಿ ಆರಿಸಿಕೊಂಡರು. 2004ರಿಂದ 2009ರ ನಡುವೆ ಒಂದೇ ತಂಡ ಹಿಡಿದದ್ದು 30,000ಕ್ಕೂ ಹೆಚ್ಚು ಎಂದು ಸಂಶೋಧಕರು ಲೆಕ್ಕ ಹಾಕಿದರು. ನಮ್ಮ ಹಳ್ಳದ ದಂಡೆಯ ಕೇದಗೆ ಹಿಂಡಲನ್ನು ಯಾರೋ ಬಂದು ಕಡಿದು ಹಾಕಿದ ಹಾಗೆ ಕಲ್ಪಿಸಿಕೊಳ್ಳಿ. ಕೊನೆಗೆ 2016ರಲ್ಲಿ ಆ ಹಲ್ಲಿಯ ವ್ಯಾಪಾರವನ್ನು ಜಗತ್ತಿನ ದೇಶಗಳು ಸೇರಿ ನಿಲ್ಲಿಸಬೇಕಾಯಿತು.

ದೇಶಗಳು ಸೇರಿ ಎಂದೆನಲ್ಲ, ಆ ಒಪ್ಪಂದಕ್ಕೆ ಸೈಟೀಸ್ ಎನ್ನುತ್ತಾರೆ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂತು, ಭಾರತ 1976ರಲ್ಲಿ ಸೇರಿತು. ಮೊದಲನೆಯ ಪಟ್ಟಿಯಲ್ಲಿರುವ ಜೀವಿಗಳನ್ನು ಕಾಡಿನಿಂದ ಹಿಡಿದು ವಾಣಿಜ್ಯಕ್ಕೆ ಸಾಗಿಸುವಂತಿಲ್ಲ. ಎರಡನೆಯದರಲ್ಲಿ ಇರುವುದನ್ನು ಸಾಗಿಸಲು ರಫ್ತು ಮಾಡುವ ದೇಶ ಪರವಾನಗಿ ಕೊಡಬೇಕು. ಹಿಡಿದದ್ದರಿಂದ ಆ ಜೀವಿಯ ಉಳಿವಿಗೆ ಧಕ್ಕೆಯಿಲ್ಲ, ಪಡೆದದ್ದು ಕಾನೂನು ಪ್ರಕಾರ ಎಂದು ಖಾತರಿ ಮಾಡಿಕೊಂಡ ಮೇಲೆ. ಮೂರನೆಯದು ಒಂದೊಂದು ದೇಶ ತನ್ನ ಜೀವಿಗಾಗಿ ಕೋರಿ ಸೇರಿಸಿದ್ದು.

ಮೊಮ್ಮಗನ ಓತಿ ಈ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾದರೆ ತರಬಹುದಲ್ಲ? ಇಲ್ಲ. ಧಾಮದೊಳಗಿನ ಪ್ರಾಣಿಯನ್ನು ಮುಟ್ಟುವಂತೆಯೇ ಇಲ್ಲ. ಹೊರಗೆ ಹಿಡಿದರೆ ರಾಜ್ಯದ ವನ್ಯಜೀವಿ ನಿಯಮ. ಅದನ್ನು ಮುರಿದು ಸಾಗಿಸಿದರೆ 1900ರಷ್ಟು ಹಳೆಯ ಲೇಸಿ ಕಾಯ್ದೆ ಹಿಡಿಯುತ್ತದೆ. ಆ ಕಾಯ್ದೆಯ ಒಂದು ಗುಣ ನನಗೆ ಬಹಳ ಮೆಚ್ಚುಗೆ: ಬೇರೆ ದೇಶದ ಕಾನೂನು ಮುರಿದು ಪಡೆದ ಪ್ರಾಣಿಯನ್ನು ಅಮೆರಿಕಕ್ಕೆ ತಂದರೂ ಅಪರಾಧವೇ. ಕಾನೂನುಬದ್ಧವಾಗಿ ಸಾಕಿ ಮರಿ ಮಾಡಿದ ಓತಿಯೇ ಆದರೂ ಅಲ್ಲಿಯ ವನ್ಯಜೀವಿ ಇಲಾಖೆಗೆ ಘೋಷಣಾಪತ್ರ, ನಿಗದಿತ ಬಂದರು ಅಥವಾ ವಿಮಾನ ನಿಲ್ದಾಣ, ಪಶುವೈದ್ಯರ ಪ್ರಮಾಣಪತ್ರ, ಇಲ್ಲಿಯ ಆಮದು ಪರವಾನಗಿ, ಕ್ವಾರಂಟೈನ್. ವಿಮಾನದಲ್ಲಿ ಜೀವಂತ ಪ್ರಾಣಿಗೆ ಪೆಟ್ಟಿಗೆ ಹೇಗಿರಬೇಕು, ಗಾಳಿ ಎಲ್ಲಿಂದ ಬರಬೇಕು ಎಂಬುದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ. ಹಗಲಿಡೀ ಬಿಸಿಲು ಬೇಡುವ ಆ ಜೀವಿ ಇಷ್ಟೆಲ್ಲ ದಾಟಿ ಬಂದು ನಮ್ಮ ಜುಲೈ ಮಳೆಯಲ್ಲಿ ಏನು ಮಾಡಬೇಕು ಹೇಳಿ.

ಇನ್ನು ನಮ್ಮಿಂದ ಹೊರಗೆ ಕಳಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ನಮ್ಮ ರಫ್ತು ನೀತಿ ಸೇರಿ ಕಾಡುಪ್ರಾಣಿಗಳ ವಾಣಿಜ್ಯ ರಫ್ತಿಗೆ ಬಾಗಿಲು ಮುಚ್ಚಿವೆ. ಆದರೂ ಕೋಲಾರ, ಆಂಧ್ರ ಗಡಿಯ ಒಣ ಹೊಲಗಳಿಂದ ನಕ್ಷತ್ರ ಆಮೆಗಳು ಚೀಲಗಳಲ್ಲಿ ಹೋಗುತ್ತಲೇ ಇದ್ದವು. ಬೆನ್ನ ಮೇಲಿನ ಹಳದಿ ನಕ್ಷತ್ರವೇ ಅವುಗಳಿಗೆ ಮುಳುವು. 2019ರಲ್ಲಿ ಆ ಆಮೆ ಸೈಟೀಸ್‌ನ ಮೊದಲ ಪಟ್ಟಿಗೆ ಏರಿತು. ಅದೇ ಸಮಾವೇಶದಲ್ಲಿ ಶ್ರೀಲಂಕಾದ ಹಲವು ಓತಿಗಳೂ ಪಟ್ಟಿ ಸೇರಿದವು. ಶ್ರೀಲಂಕಾ ತನ್ನ ಓತಿಗಳ ರಫ್ತಿಗೆ ಅನುಮತಿ ಕೊಡದಿದ್ದರೂ ಅವು ಯೂರೋಪಿನ ಸಂತೆಗಳಲ್ಲಿ ಮಾರಾಟಕ್ಕಿದ್ದವು. ನಮ್ಮ ಘಟ್ಟದ ಓತಿಗಳ ಹತ್ತಿರದ ಸಂಬಂಧಿಗಳೂ ಅವುಗಳಲ್ಲಿವೆ. ಹೊರಗಿನಿಂದ ಒಳಗೂ ಬರುತ್ತಿವೆ: 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪೆಟ್ಟಿಗೆಯೊಂದರಲ್ಲಿ 10 ಹಳದಿ ಅನಕೊಂಡಾಗಳು ಸಿಕ್ಕವು. ಸಭೆಯಲ್ಲಿ ಯಾರಾದರೂ ಇಗುವಾನಾ, ಬಾಲ್ ಪೈಥಾನ್ ಸಾಕಿದ್ದರೆ ಕೇಳಿಸಿಕೊಳ್ಳಿ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟೀಸ್ ಜೀವಿಗಳಿಗೆಂದೇ ನಾಲ್ಕನೆಯ ಅನುಸೂಚಿ ಇದೆ. ಅವುಗಳಲ್ಲಿ ಯಾವುದು ನಿಮ್ಮ ಮನೆಯಲ್ಲಿದ್ದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಕಾಗದ ಇದ್ದ ಮಾತ್ರಕ್ಕೆ ಸತ್ಯವಿದೆ ಎಂದಲ್ಲ. ಇಂಡೊನೇಷ್ಯಾದ ಹಸಿರು ಹೆಬ್ಬಾವು ನೋಡಿ. ಮರಿ ಹಳದಿ ಅಥವಾ ಕೆಂಪು, ಬೆಳೆದ ಮೇಲೆ ಹಸಿರು. ದ್ವೀಪಕ್ಕೊಂದು ಬಣ್ಣದ ಛಾಯೆ, ಅದಕ್ಕೆ ತಕ್ಕ ಬೆಲೆ. ಪರವಾನಗಿಯಲ್ಲಿ ಪ್ರಾಣಿಯ ಮೂಲ ಸೂಚಿಸುವ ಒಂದು ಅಕ್ಷರ ಇರುತ್ತದೆ, ಕಾಡಿನದಕ್ಕೆ 'ಡಬ್ಲ್ಯೂ', ಸಾಕಿ ಮರಿ ಮಾಡಿಸಿದ್ದಕ್ಕೆ 'ಸಿ'. ಕಾಗದದಲ್ಲಿ 'ಸಿ' ಎಂದು ಬರೆಸಿಕೊಂಡು ಹೋದ ಹೆಬ್ಬಾವುಗಳಲ್ಲಿ ಕನಿಷ್ಠ ಶೇ. 80 ಕಾಡಿನಿಂದ ಹಿಡಿದವು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಒಂದು ಅಕ್ಷರ ಬದಲಿಸಿದರೆ ಒಂದು ದ್ವೀಪದ ವಿಳಾಸ ಅಳಿಸಿ ಹೋಯಿತು.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಘಟ್ಟದ ಓತಿಗಳ ಮೇಲೆ ಕೆಲಸ ಮಾಡುತ್ತಿದ್ದಳು. ಎಲ್ಲ ಅನುಮತಿ ಪಡೆದು ತೆಗೆದ ಬಾಲದ ತುದಿಯ ಚೂರುಗಳನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಅವಳ ಫೆಲೋಶಿಪ್ಪೇ ಮುಗಿಯಿತು. ಕೊನೆಗೆ ಕೆಲಸದ ಒಂದು ಭಾಗವನ್ನು ಇಲ್ಲೇ ಮಾಡಿ ಮುಗಿಸಿದಳು. ಸೂಟ್‌ಕೇಸಿನಲ್ಲಿ ಜೀವಂತ ಪ್ರಾಣಿ ತುಂಬುವವನಿಗೂ, ಸ್ಪಿರಿಟ್‌ನಲ್ಲಿ ಅಕ್ಕಿಕಾಳಿನಷ್ಟು ಚೂರು ಇಟ್ಟುಕೊಂಡವಳಿಗೂ ಒಂದೇ ಸಾಲು ಇರಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೇಳುವ ಪ್ರಶ್ನೆ ಕಡಿಮೆಯಾಗಬೇಕಿಲ್ಲ, ಉತ್ತರ ಕೊಡುವ ವೇಗ ಹೆಚ್ಚಬೇಕು. ದೇಶದೊಳಗೇ ಒಳ್ಳೆಯ ಪ್ರಯೋಗಾಲಯಗಳು ಹೆಚ್ಚಬೇಕು. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಸರ್ಪವೇ ಬೇರೆ ಪ್ರಭೇದ ಎಂದು ಗೌರಿ ಶಂಕರ್ ಮತ್ತು ಸಂಗಡಿಗರು ತೋರಿಸಿ 'ಕಾಳಿಂಗ' ಎಂಬ ನಮ್ಮ ಮಾತನ್ನೇ ಅದರ ವೈಜ್ಞಾನಿಕ ಹೆಸರಾಗಿಸಿದರು. 1837ರ ಪ್ಯಾರಿಸ್ಸಿನಿಂದ ಅಲ್ಲಿಗೆ ಬಂದಿದ್ದೇವೆ ಎಂಬುದು ನನಗೆ ದೊಡ್ಡ ಸಂತೋಷ.

ಒಂದು ನನ್ನದೇ ತಪ್ಪು ಹೇಳಬೇಕು. ಕೆಲವು ಮಳೆಗಾಲಗಳ ಹಿಂದೆ ಅಪರೂಪದ ಹಳದಿ ಗುಳಿಮಂಡಲವೊಂದರ ಫೋಟೊ ತೆಗೆದೆ. ಹಳ್ಳದ ಹೆಸರು, ಸೇತುವೆಯ ಹೆಸರು ಸಮೇತ ಎಲ್ಲರಿಗೂ ಕಾಣುವಂತೆ ಹಾಕಿದೆ. ಮಕ್ಕಳು ನೋಡಲಿ ಎಂಬ ಆಸೆಯಿಂದ. ವಾರದೊಳಗೆ ಗುರುತಿಲ್ಲದವರ ಮೆಸೇಜ್ ಬಂತು: "ಸರ್, ಜೋಡಿ ಸಿಗುತ್ತಾ? ಎಷ್ಟಾಗಬಹುದು?" ಕೈಕಾಲು ತಣ್ಣಗಾಯಿತು. ಅಳಿಸಿದೆ, ಅರಣ್ಯ ಇಲಾಖೆಯವರಿಗೆ ತಿಳಿಸಿದೆ. ಮುಂದಿನ ಮಳೆಗಾಲ ಅದೇ ಸೇತುವೆಯ ಹತ್ತಿರ ಹದಿನಾಲ್ಕು ರಾತ್ರಿ ಹುಡುಕಿದೆ. ಹಸಿರಿನವು ಕಂಡವು, ಕಂದಿನವು ಕಂಡವು. ಹಳದಿ ಕಾಣಲಿಲ್ಲ. ಹಾವು ತಾನಾಗಿ ಜಾಗ ಬಿಟ್ಟು ಹೋಗಿರಲೂಬಹುದು. ಆದರೆ ಅದರ ವಿಳಾಸವನ್ನು ಊರಿಗೆಲ್ಲ ಹಂಚಿದವನು ನಾನು.

ಮೊಮ್ಮಗನಿಗೆ ಈಗ ಒಂಬತ್ತು ವರ್ಷ. ಈ ರಜೆಯಲ್ಲಿ ಇಲ್ಲೇ ಇದ್ದಾನೆ, ಅಗೋ ಮೂರನೇ ಸಾಲಿನಲ್ಲಿ. ಮನೆ ಹಿಂದಿನ ಕಲ್ಲಿನ ಮೇಲೆ ಯಾವ ಓತಿ ಎಷ್ಟು ಹೊತ್ತಿಗೆ ಕೂರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾನೆ. ನಾಳೆ ಭಾನುವಾರ, ನಾವಿಬ್ಬರೂ ಅಡಿಕೆ ತೋಟವೊಂದಕ್ಕೆ ಹಾರುವ ಓತಿ ನೋಡಲು ಹೋಗುತ್ತಿದ್ದೇವೆ. ಬರುವವರು ಬನ್ನಿ. ಒಂಬತ್ತರ ಮೇಲೆ ಬಂದರೆ ಸಾಕು, ಮೈ ಕಾಯದೆ ಅವು ಬಣ್ಣ ತೋರಿಸುವುದಿಲ್ಲ. ಕ್ಯಾಮೆರಾ ತನ್ನಿ, ಮೊಬೈಲಿನ ಲೊಕೇಶನ್ ಆಫ್ ಮಾಡಿಕೊಂಡು ಬನ್ನಿ. ತೋಟ ಎಲ್ಲಿದೆ ಎಂಬುದನ್ನು ಬಂದವರಿಗೆ ಬಾಯಲ್ಲಿ ಹೇಳುತ್ತೇನೆ.